ಮೌಸರ್ 98 ಆಕ್ಷನ್‌ನ ರೈಫಲ್: ವರ್ಷಗಟ್ಟಲೆ ಬಳಸಿದ ಮೇಲೆ ಬರೆದದ್ದು

ನನ್ನ ಬಳಿ ಇರುವುದು .30-06 ತೋಟಾ ಹಾರಿಸುವ, ಮರದ ಸ್ಟಾಕ್‌ನ (ಹಿಡಿಯ) ಬೋಲ್ಟ್ ರೈಫಲ್. ಬೋಲ್ಟ್ ಎಂದರೆ ಪ್ರತಿ ಗುಂಡಿಗೂ ಕೈಯಿಂದ ಎಳೆದು ತಳ್ಳುವ ಉಕ್ಕಿನ ಅಗುಳಿ. ಕಟ್ಟಿರುವುದು ಮೌಸರ್ 98 ಆಕ್ಷನ್ ಮೇಲೆ, ಅಂದರೆ ತೋಟಾವನ್ನು ಒಳಗೆ ತಳ್ಳಿ, ಹಾರಿಸಿ, ಹೊರಗೆಸೆಯುವ ಯಂತ್ರಭಾಗ ಮೌಸರ್ ಮಾದರಿಯದು. ಬಳಸುವುದು ಗುರಿ ಅಭ್ಯಾಸಕ್ಕೆ, 100 ಮತ್ತು 300 ಮೀಟರ್ ರೇಂಜ್‌ಗಳಲ್ಲಿ. ತಯಾರಕರ ಹೆಸರು ಬರೆಯುತ್ತಿಲ್ಲ. ಈ ಆಕ್ಷನ್ನನ್ನು ಬೇರೆ ಬೇರೆ ದೇಶಗಳ ಎಷ್ಟೋ ಕಾರ್ಖಾನೆಗಳು ಮಾಡಿವೆ, ನಾನು ಹೇಳುವ ಒಳ್ಳೆಯದು ಕೆಟ್ಟದ್ದರಲ್ಲಿ ಬಹುಪಾಲು ವಿನ್ಯಾಸಕ್ಕೇ ಸೇರಿದ್ದು. ಅದು ಸೈನಿಕನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಿನ್ಯಾಸ. ಇದರ ಗುಣಗಳೂ ಅಲ್ಲಿಂದಲೇ ಬಂದವು, ತೊಂದರೆಗಳೂ ಅಲ್ಲಿಂದಲೇ.

ಮೊದಲು ಎಕ್ಸ್‌ಟ್ರಾಕ್ಟರ್, ಅಂದರೆ ಖಾಲಿ ಕೇಸನ್ನು ಹಿಡಿದೆಳೆಯುವ ಭಾಗದ ಬಗ್ಗೆ ಹೇಳಬೇಕು, ಏಕೆಂದರೆ ನಾನು ಈ ರೈಫಲ್ಲನ್ನು ಮಾರದೆ ಇಟ್ಟುಕೊಂಡಿರುವುದಕ್ಕೆ ಅದೇ ಕಾರಣ. ಬೋಲ್ಟಿನ ಬಲಬದಿಗೆ ಉದ್ದಕ್ಕೂ ಒಂದು ಸ್ಪ್ರಿಂಗ್ ಉಕ್ಕಿನ ಪಟ್ಟಿ, ಅದರ ತುದಿಗೆ ಅಗಲವಾದ ಕೊಕ್ಕೆ. ಬೋಲ್ಟ್ ತಿರುಗಿದರೂ ಪಟ್ಟಿ ತಿರುಗುವುದಿಲ್ಲ. ಮ್ಯಾಗಜೀನಿನಿಂದ ತೋಟಾ ಮೇಲೇಳುತ್ತಿದ್ದಂತೆ ಅದರ ಬುಡದ ಅಂಚು ಈ ಕೊಕ್ಕೆಯಡಿಗೆ ಜಾರಿ ಕೂರುತ್ತದೆ. ಅಲ್ಲಿಂದಾಚೆ ಖಾಲಿ ಕೇಸು ಹೊರಗೆ ಚಿಮ್ಮುವವರೆಗೂ ಹಿಡಿತ ಬಿಡುವುದಿಲ್ಲ. ಬೋಲ್ಟ್ ಅರ್ಧ ಮುಚ್ಚಿ ಮತ್ತೆ ಹಿಂದಕ್ಕೆಳೆದರೆ ತೋಟಾ ಅದರ ಜೊತೆಗೇ ಹೊರಬರುತ್ತದೆ. ಹಿಡಿತ ಕೊನೆಗೆ ಬೀಳುವ 'ಪುಶ್ ಫೀಡ್' ಬೋಲ್ಟುಗಳಲ್ಲಿ ಹಾಗಲ್ಲ: ಬೋಲ್ಟ್ ಪೂರ್ತಿ ಮುಚ್ಚುವ ಮೊದಲೇ ಹಿಂದಕ್ಕೆಳೆದರೆ ತೋಟಾ ಚೇಂಬರಿನಲ್ಲೇ (ನಳಿಗೆಯ ಹಿಂದಿನ, ತೋಟಾ ಕೂರುವ ಗೂಡು) ಉಳಿಯಬಹುದು, ಮುಂದಿನ ತೋಟಾದ ಮೊನೆ ಅದರ ಬುಡಕ್ಕೆ ಹೋಗಿ ತಾಗಬಹುದು. ಗಾಬರಿಯಲ್ಲಿರುವ ಸೈನಿಕನ ಕೈ ತಪ್ಪಿದರೂ ಬಂದೂಕು ತಪ್ಪಬಾರದು ಎಂದು ಇದನ್ನು ವಿನ್ಯಾಸ ಮಾಡಿದ ಜರ್ಮನಿಯ ಪೌಲ್ ಮೌಸರ್ ಯೋಚಿಸಿದ್ದು ಇಲ್ಲಿ ಕಾಣುತ್ತದೆ. ಸ್ಪರ್ಧೆಯಲ್ಲಿ ಸಮಯ ಮುಗಿಯುತ್ತಾ ಬಂದಾಗ ನನಗೂ ಅದೇ ಧೈರ್ಯ.

ಇದಕ್ಕೊಂದು ಶಿಸ್ತು ಬೇಕು. ತೋಟಾವನ್ನು ಕೈಯಿಂದ ನೇರ ಚೇಂಬರಿಗೆ ಹಾಕಿ ಬೋಲ್ಟ್ ಒತ್ತಬಾರದು. ಮೂಲ ವಿನ್ಯಾಸದ ಕೊಕ್ಕೆ ಅಂಚಿನ ಮೇಲೆ ಹತ್ತಿ ಕೂರುವಂಥದ್ದಲ್ಲ, ಒತ್ತಾಯ ಮಾಡಿದರೆ ತುದಿ ಚಕ್ಕೆ ಏಳುತ್ತದೆ. ಒಂದೇ ಗುಂಡು ಹಾರಿಸುವುದಿದ್ದರೂ ಮ್ಯಾಗಜೀನಿಗೆ ಒತ್ತಿ ಅಲ್ಲಿಂದಲೇ ತೆಗೆದುಕೊಳ್ಳಬೇಕು. ಹೊಸ ತಯಾರಿಕೆಗಳಲ್ಲಿ ಕೆಲವರು ಕೊಕ್ಕೆಯ ಮುಂಭಾಗವನ್ನು ಇಳಿಜಾರಾಗಿ ಉಜ್ಜಿ ಈ ಕೊರತೆ ನೀಗಿಸಿದ್ದಾರೆ.

ಎರಡನೆಯದು ಸುರಕ್ಷತೆ. 1886ರಲ್ಲಿ ಫ್ರಾನ್ಸ್ ಲೆಬೆಲ್ ರೈಫಲ್ಲಿನೊಂದಿಗೆ ಹೊಗೆಯಿಲ್ಲದ ಮದ್ದು ತಂದ ಮೇಲೆ ಚೇಂಬರಿನೊಳಗಿನ ಒತ್ತಡ ಬಹಳ ಏರಿತು. ಅಲ್ಲಿಂದ 1898ರವರೆಗೆ ಮೌಸರ್ ಒಂದರ ಹಿಂದೊಂದು ಮಾದರಿ ತಿದ್ದುತ್ತಾ ಬಂದದ್ದರ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಸಲ ತೋಟಾದ ಬುಡದಲ್ಲಿರುವ, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ತೂತಾಯಿತು. ಬೋಲ್ಟಿನಲ್ಲಿರುವ ಎರಡು ಅಂಡಾಕಾರದ ರಂಧ್ರಗಳಿಂದ ಬಿಸಿ ಗಾಳಿ ಬೋಲ್ಟ್ ಓಡುವ ಎಡಗಡೆಯ ತೋಡಿಗೆ ನುಗ್ಗಿ ಪಕ್ಕಕ್ಕೆ ಹಾರಿತು. ಬೋಲ್ಟಿನ ಹಿಂಬದಿಯ ಅಗಲವಾದ ಅಂಚು ಉಳಿದದ್ದನ್ನು ಮುಖಕ್ಕೆ ಬಾರದಂತೆ ತಡೆಯಿತು. ಕನ್ನಡಕದ ಗಾಜಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಬೋಲ್ಟನ್ನು ಬಿಗಿದು ಹಿಡಿಯುವ ಮುಂದಿನ ಎರಡು ಲಗ್ (ಉಬ್ಬು) ಮುರಿದರೂ ಬೋಲ್ಟ್ ಹಿಂದಕ್ಕೆ ಬಾರದಿರಲಿ ಎಂದು ಹಿಂಭಾಗದಲ್ಲಿ ಮೂರನೆಯ ಲಗ್ ಕೂಡ ಇದೆ. ಹಾಗಂತ ಕನ್ನಡಕ ಹಾಕದೆ ಹಾರಿಸಬೇಡಿ.

ಸ್ವಚ್ಛಗೊಳಿಸುವುದು ಸುಲಭ. ಗುಂಡು ಹಾರದಂತೆ ತಡೆಯುವ ಸೇಫ್ಟಿಯನ್ನು ನಡುವಿನ ಸ್ಥಾನಕ್ಕೆ ನಿಲ್ಲಿಸಿ, ಬೋಲ್ಟ್ ಹೊರತೆಗೆದು, ಪಕ್ಕದ ಪುಟ್ಟ ಗುಂಡಿ ಒತ್ತಿ ಹಿಂಬದಿಯನ್ನು ತಿರುಗಿಸಿದರೆ ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ ಸಮೇತ ಎಲ್ಲ ಕೈಗೆ ಬರುತ್ತದೆ. ಸ್ಕ್ರೂಡ್ರೈವರ್ ಬೇಕಿಲ್ಲ. ರೈಫಲ್ ವಿನ್ಯಾಸದಲ್ಲಿ ಇದನ್ನು ಸಣ್ಣ ವಿಷಯವೆಂದು ನಾನು ಎಣಿಸುವುದಿಲ್ಲ. 1960ರ ದಶಕದಲ್ಲಿ ವಿಯೆಟ್ನಾಂಗೆ ಹೋದ ಅಮೆರಿಕದ ಎಂ16 ರೈಫಲ್ ಸಿಕ್ಕಿಹಾಕಿಕೊಂಡು ಸೈನಿಕರ ಪ್ರಾಣ ಹೋದದ್ದಕ್ಕೆ ಯೂಜೀನ್ ಸ್ಟೋನರ್ ಅವರ ವಿನ್ಯಾಸವೊಂದನ್ನೇ ದೂರುವಂತಿಲ್ಲ. ಮದ್ದಿನ ಬಗೆ ಬದಲಾಗಿತ್ತು, ಚೇಂಬರಿಗೆ ಕ್ರೋಮ್ ಲೇಪನವಿರಲಿಲ್ಲ, ಸ್ವಚ್ಛ ಮಾಡುವ ಸಾಮಾನನ್ನೇ ಎಷ್ಟೋ ಜನರಿಗೆ ಕೊಟ್ಟಿರಲಿಲ್ಲ. ಲೇಪನ ಮತ್ತು ಸಾಮಾನು ಬಂದ ಮೇಲೆ ಅದೇ ರೈಫಲ್ ದಶಕಗಳ ಕಾಲ ನಡೆಯಿತು. ನಳಿಗೆಯನ್ನು ನಾನು ಯಾವಾಗಲೂ ಹಿಂದಿನಿಂದ, ಚೇಂಬರಿನ ಕಡೆಯಿಂದಲೇ ಉಜ್ಜುತ್ತೇನೆ. ನಳಿಗೆಯ ಮುಂದಿನ ಬಾಯಿಯಿಂದ ಕಡ್ಡಿ ತೂರಿಸಿದರೆ ಅಲ್ಲಿನ ಅಂಚು ಸವೆದು ಗುರಿ ಕೆಡುತ್ತದೆ.

ಇನ್ನು ಕೊರತೆಗಳು. ಫೈರಿಂಗ್ ಪಿನ್ ಭಾರ, ಅದು ಓಡಬೇಕಾದ ದೂರವೂ ಹೆಚ್ಚು. ಟ್ರಿಗರ್ ಬಿಟ್ಟುಕೊಟ್ಟ ಕ್ಷಣಕ್ಕೂ ಪ್ರೈಮರಿಗೆ ಪೆಟ್ಟು ಬೀಳುವ ಕ್ಷಣಕ್ಕೂ ನಡುವಿನ ಅಂತರ ಆಧುನಿಕ ಆಕ್ಷನ್‌ಗಳಿಗಿಂತ ಜಾಸ್ತಿ. ಮಲಗಿ ಹಾರಿಸುವಾಗ ತಿಳಿಯುವುದಿಲ್ಲ, ನಿಂತು ಹಾರಿಸುವಾಗ ಚೆನ್ನಾಗಿ ತಿಳಿಯುತ್ತದೆ. ಕೆಟ್ಟ ಪ್ರೈಮರ್ ಇದ್ದರೂ ಸಿಡಿಯಲೇಬೇಕು ಎಂಬ ಸೈನ್ಯದ ಅಗತ್ಯಕ್ಕೆ ತೆತ್ತ ಬೆಲೆ ಅದು. ಹಿಂಬದಿಯಲ್ಲಿ ಮೇಲೆದ್ದು ತಿರುಗುವ ಮೂಲ ಸೇಫ್ಟಿಯಂತೂ ದುರ್ಬೀನು ಹಾಕಿದರೆ ಅದಕ್ಕೇ ತಾಗುತ್ತದೆ. 1936ರಲ್ಲಿ ಬಂದ ವಿಂಚೆಸ್ಟರ್ ಮಾಡೆಲ್ 70 ಇದನ್ನು ಹಿಂದೆ-ಮುಂದೆ ಚಲಿಸುವ ಸೇಫ್ಟಿಯಾಗಿ ಬದಲಿಸಿತು, ನಾನೂ ಆ ಬಗೆಯದನ್ನೇ ಹಾಕಿಸಿಕೊಂಡೆ. ಬೋಲ್ಟ್ ಪೂರ್ತಿ ಎಳೆದಾಗ ಅಲ್ಲಾಡುತ್ತದೆ, ಓರೆಯಾಗಿ ತಳ್ಳಿದರೆ ಹಿಡಿಯುತ್ತದೆ. ನೇರವಾಗಿ, ಅಳುಕದೆ ತಳ್ಳಬೇಕು.

ಹೆಚ್ಚು ಕಾಡಿದ್ದು ಮರದ ಸ್ಟಾಕ್. ಮಳೆಗಾಲದಲ್ಲಿ ಮರ ಊದಿಕೊಂಡು ನಳಿಗೆಯನ್ನು ಒಂದು ಪಕ್ಕಕ್ಕೆ ಒತ್ತತೊಡಗಿತು, 100 ಮೀಟರಿನಲ್ಲಿ ಗುಂಡುಗಳು ಬೀಳುವ ಗುಂಪು ಹಾಗೇ ಇದ್ದರೂ ಇಡೀ ಗುಂಪು ಐದಾರು ಸೆಂಟಿಮೀಟರ್ ಸರಿದುಬಿಟ್ಟಿತು. ಆಕ್ಷನ್ ಕೂರುವ ಜಾಗಕ್ಕೆ ಎಪಾಕ್ಸಿ ತುಂಬಿಸಿ, ನಳಿಗೆಗೂ ಮರಕ್ಕೂ ನಡುವೆ ಕಾಗದ ಸರಾಗವಾಗಿ ಜಾರುವಷ್ಟು ಸಂದು ಬಿಡಿಸಿದ ಮೇಲೆ ಆ ಕಾಟ ನಿಂತಿತು. ಈ ಕಾಯಿಲೆಗೆ ಪೂರ್ತಿ ಮದ್ದು ಬಂದದ್ದು ಕ್ರೀಡೆಯ ಕಡೆಯಿಂದ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ. 1984 ಮತ್ತು 1988ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಬ್ರಿಟನ್ನಿನ ಗುರಿಗಾರ ಮಾಲ್ಕಮ್ ಕೂಪರ್ ಅವರ ಕಂಪನಿ ಆಕ್ಷನ್ನನ್ನು ಲೋಹದ ಚೌಕಟ್ಟಿಗೆ ಬಿಗಿದು, ಸುತ್ತಲೂ ಪ್ಲಾಸ್ಟಿಕ್ ಹೊದಿಸಿತು. 1980ರ ದಶಕದಲ್ಲಿ ಬ್ರಿಟಿಷ್ ಸೈನ್ಯ ಅದನ್ನೇ ಸ್ನೈಪರ್ ರೈಫಲ್ಲಾಗಿ ತೆಗೆದುಕೊಂಡಿತು. ಇವತ್ತು ರೇಂಜಿನಲ್ಲಿ ಕಾಣುವ ಅಲ್ಯೂಮಿನಿಯಂ ಚಾಸಿಗಳೆಲ್ಲ ಆ ಯೋಚನೆಯ ಮುಂದುವರಿಕೆ.

ನಿಖರತೆ? ಒಳ್ಳೆಯ ತೋಟಾ ಹಾಕಿದರೆ 100 ಮೀಟರಿನಲ್ಲಿ ಐದು ಗುಂಡು ಮೂರರಿಂದ ನಾಲ್ಕು ಸೆಂಟಿಮೀಟರಿನೊಳಗೆ ಬೀಳುತ್ತವೆ. 300 ಮೀಟರ್ ಅಂತಾರಾಷ್ಟ್ರೀಯ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತದ ಅಗಲ 10 ಸೆಂ.ಮೀ. ಲೆಕ್ಕ ಹಾಕಿದರೆ ರೈಫಲ್ ಆ ವೃತ್ತದ ಅಂಚಿನಲ್ಲೇ ನಿಲ್ಲುತ್ತದೆ. ಗೆಲ್ಲಲೇಬೇಕೆಂಬವರಿಗೆ ಇದು ಸಾಲದು. ಒದೆತವೂ ಜೋರು. ಇಷ್ಟು ದೊಡ್ಡ ತೋಟಾ ಸಾಮಾನ್ಯ ಸೈನಿಕನಿಗೆ ಬೇಡ ಎಂದು ಸೈನ್ಯಗಳೇ ಜರ್ಮನಿಯ ಎಸ್‌ಟಿಜಿ 44, ಸೋವಿಯತ್ ಎಕೆ-47 ರೈಫಲ್‌ಗಳ ಸಣ್ಣ ತೋಟಾದ ಕಡೆಗೆ ಸರಿದವು.

ಹಾಗಾದರೆ ಪುಶ್ ಫೀಡ್ ಕೊಳ್ಳಬಾರದೇ? ಖಂಡಿತ ಕೊಳ್ಳಬಹುದು. 1962ರ ಪುಶ್ ಫೀಡ್ ರೈಫಲ್ಲಾದ ರೆಮಿಂಗ್ಟನ್ 700ರ ದುಂಡನೆಯ ರಿಸೀವರ್ (ಬೋಲ್ಟ್ ಓಡಾಡುವ ಹೊರಕವಚ) ಲೇತಿನಲ್ಲಿ ಸುಲಭವಾಗಿ ತಯಾರಾಗುತ್ತದೆ, ಸ್ಟಾಕಿಗೆ ಸಮನಾಗಿ ಕೂರುತ್ತದೆ. ಅಮೆರಿಕದ ಎಂ40, ಎಂ24 ಸ್ನೈಪರ್ ರೈಫಲ್‌ಗಳು ಅದರ ಮೇಲೆಯೇ ನಿಂತವು. ಮೌಸರ್ ರಿಸೀವರಿಗೆ ಯಂತ್ರದ ಕೆಲಸ ಬಹಳ. ಖರ್ಚು ತಗ್ಗಿಸಲೆಂದು ವಿಂಚೆಸ್ಟರ್ 1964ರಲ್ಲಿ ಮಾಡೆಲ್ 70ರಿಂದ ದೊಡ್ಡ ಕೊಕ್ಕೆಯನ್ನು ತೆಗೆದುಹಾಕಿತು. ಬಳಕೆದಾರರ ಬೇಸರ ತಣಿಯಲೇ ಇಲ್ಲ, 1964ಕ್ಕೆ ಮುಂಚಿನ ರೈಫಲ್‌ಗಳಿಗೆ ಹುಡುಕಾಟ ಶುರುವಾಯಿತು, 1990ರ ದಶಕದಲ್ಲಿ ಕೊಕ್ಕೆ ಮರಳಿ ಬಂತು. ಬಳಸಿದವರ ಮಾತಿಗೆ ಅಷ್ಟು ತೂಕವಿದೆ.

ಹಳೆಯದನ್ನು ಕೊಳ್ಳುವವರು ಬೋಲ್ಟ್ ಮತ್ತು ರಿಸೀವರಿನ ನಂಬರ್ ಒಂದೇ ಇದೆಯೇ ನೋಡಿ. ಬೇರೆಯಾಗಿದ್ದರೆ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ಚೇಂಬರಿಗೂ ನಡುವೆ ತೋಟಾಕ್ಕಿರುವ ಜಾಗ) ಅಳೆಸದೆ ಒಂದು ಗುಂಡೂ ಹಾರಿಸಬೇಡಿ. ಕೊಕ್ಕೆಯ ತುದಿಯನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಮೌಸರ್ ದಾರಿಯಲ್ಲೇ ಬಂದ ಅಮೆರಿಕದ ಸೈನ್ಯದ ಎಂ1903 ರೈಫಲ್ ಸಿಕ್ಕಿದರೆ, ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ (ಅಲ್ಲಿನ ಸರ್ಕಾರಿ ಬಂದೂಕು ಕಾರ್ಖಾನೆ) ತಯಾರಾದ 8,00,000ಕ್ಕಿಂತ ಕೆಳಗಿನ ನಂಬರಿನದ್ದನ್ನು ಗೋಡೆಗೆ ಮಾತ್ರ ಇಟ್ಟುಕೊಳ್ಳಿ. ಆಗಿನ ಕಾಯಿಸುವಿಕೆ ಹದ ತಪ್ಪಿ ಕೆಲವು ರಿಸೀವರ್‌ಗಳು ಸೀಳಿವೆ.