ಗುಪ್ತಾಂಗದ ನರೂಲಿ: ನಾಲ್ಕು ಚಿಕಿತ್ಸೆ ನೋಡಿದ ಮೇಲೆ ನನ್ನ ಓಟು ಕಾಟರಿಗೆ

ಕೂಡುವಾಗ ಹರಡುವ ಎಚ್‌ಪಿವಿ ಅನ್ನುವ ವೈರಸ್‌ನಿಂದ ಗಂಡಸರ ಗುಪ್ತಾಂಗದಲ್ಲಿ ಏಳುವ ನರೂಲಿಗೆ ಚರ್ಮದ ಡಾಕ್ಟರು ಸಾಮಾನ್ಯವಾಗಿ ಕೊಡುವ ಚಿಕಿತ್ಸೆಗಳಲ್ಲಿ ನಾಲ್ಕನ್ನು ನಾನು ಮಾಡಿಸಿಕೊಂಡಿದ್ದೇನೆ. ಹಚ್ಚುವ ಕಂದು ಔಷಧಿ, ಫ್ರೀಜಿಂಗ್, ಕ್ರೀಮು, ಕೊನೆಗೆ ಕಾಟರಿ. ಕಾಟರಿ ಅಂದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕರೆಂಟಿನ ಸೂಜಿಯಿಂದ ಸುಟ್ಟು ತೆಗೆಯುವುದು. ಶಿವಮೊಗ್ಗ ಜಿಲ್ಲೆಯ ಹೊಸನಗರದಿಂದಲೂ ಒಳಗೆ ತೋಟದ ಮನೆಯಲ್ಲಿ, ಕೂಡು ಕುಟುಂಬದಲ್ಲಿ ಇರುವ ನನ್ನಂಥವನಿಗೆ ಅದೇ ಸರಿ. ಈ ವಿಷಯವನ್ನು ನಮ್ಮ ಕಡೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹಾಗಾಗಿ ಬಂದವರೆಲ್ಲ ಒಬ್ಬೊಬ್ಬರೇ ಮೊದಲಿನಿಂದ ಒದ್ದಾಡುತ್ತಾರೆ. ಅದು ತಪ್ಪಲಿ ಅಂತ ಬರೆಯುತ್ತಿದ್ದೇನೆ.

ಔಷಧಿಗೆ ಮುಂಚೆ ಒಂದು ವಿಷಯ. ಅಲ್ಲಿ ಕಂಡ ಗುಳ್ಳೆಯೆಲ್ಲ ನರೂಲಿ ಅಂತ ಹೆದರಬೇಡಿ. ಶಿಶ್ನದ ತುದಿಯ ಅಂಚಿನ ಸುತ್ತ ಮುತ್ತು ಪೋಣಿಸಿದ ಹಾಗೆ, ಒಂದೇ ಅಳತೆಯ ಸಣ್ಣ ಗುಳ್ಳೆಗಳು ಸಾಲಾಗಿದ್ದರೆ ಅದು ಹರೆಯದಲ್ಲಿ ಎಷ್ಟೋ ಜನರಿಗೆ ಕಾಣಿಸಿಕೊಳ್ಳುವ ಸಹಜ ಚರ್ಮ. ಅದಕ್ಕೆ ಏನೂ ಮಾಡಬೇಕಾಗಿಲ್ಲ. ನರೂಲಿ ಸಾಮಾನ್ಯವಾಗಿ ಒರಟಾಗಿ, ಒಂದೊಂದು ಒಂದೊಂದು ಅಳತೆಯಲ್ಲಿ ಇರುತ್ತದೆ. ಹೆಚ್ಚಾಗಿ ನೋವಿರುವುದಿಲ್ಲ. ಸಿಫಿಲಿಸ್ ಅನ್ನುವ ಲೈಂಗಿಕ ರೋಗದಲ್ಲೂ ಚಪ್ಪಟೆಯಾದ, ಒದ್ದೆ ಒದ್ದೆ ಗಂಟುಗಳು ಏಳುತ್ತವೆ. ಆದ್ದರಿಂದ ಸಿಫಿಲಿಸ್ ಪತ್ತೆಮಾಡುವ ವಿಡಿಆರ್‌ಎಲ್ ಮತ್ತು ಎಚ್‌ಐವಿ ರಕ್ತಪರೀಕ್ಷೆ ಎರಡನ್ನೂ ಮಾಡಿಸಿಬಿಡಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳ ಐಸಿಟಿಸಿಯಲ್ಲಿ (ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ, ವಿಷಯ ಗುಟ್ಟಾಗಿಯೂ ಇಡುತ್ತಾರೆ. ನಮ್ಮ ಜಿಲ್ಲೆಗೆ ಅಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ.

ಕೈಬೆರಳಿನ ನರೂಲಿಗೆ ನಮ್ಮಲ್ಲಿ ಸುಣ್ಣ, ಸೋಡಾ ಕಲಸಿ ಹಚ್ಚುವುದುಂಟು. ಗೇರು ಎಣ್ಣೆ ಮುಟ್ಟಿಸುವವರೂ ಇದ್ದಾರೆ. ಗುಪ್ತಾಂಗಕ್ಕೆ ಅವನ್ನು ಮುಟ್ಟಿಸಬೇಡಿ. ಅಲ್ಲಿಯ ಚರ್ಮ ತೀರ ತೆಳು, ಸುಟ್ಟು ಹುಣ್ಣಾಗುತ್ತದೆ. ಕಾಲಿನ ಆಣಿಗೆ ಮೆಡಿಕಲ್ಲಿನಲ್ಲಿ ಕೊಡುವ ಸ್ಯಾಲಿಸಿಲಿಕ್ ಆಸಿಡ್ಡನ್ನೂ ಅಲ್ಲಿಗೆ ಹಚ್ಚಬಾರದು.

ಇನ್ನು ಕಂದು ಔಷಧಿ. ಇದರ ಹೆಸರು ಪೊಡೊಫಿಲಿನ್. ಗಿಡದ ಬೇರಿನಿಂದ ತೆಗೆದ ಅಂಟನ್ನು ಸಾಂಬ್ರಾಣಿ ಟಿಂಕ್ಚರಿನಲ್ಲಿ ಕರಗಿಸಿರುತ್ತಾರೆ. ಡಾಕ್ಟರು ಸುತ್ತಲಿನ ಒಳ್ಳೆ ಚರ್ಮಕ್ಕೆ ವ್ಯಾಸಲೀನ್ ಸವರಿ, ಕಡ್ಡಿಗೆ ಹತ್ತಿ ಸುತ್ತಿ, ನರೂಲಿಯ ಮೇಲೆ ಮಾತ್ರ ಮುಟ್ಟಿಸುತ್ತಾರೆ. ದೇವರ ಕೋಣೆಯ ವಾಸನೆ ಬರುತ್ತದೆ. ನೋವಿಲ್ಲ, ಖರ್ಚು ಕಡಿಮೆ. ವಾರಕ್ಕೊಮ್ಮೆ ಹೋಗಬೇಕು. ಕೇಳಲು ಎಲ್ಲ ಸಲೀಸು, ಅಲ್ವಾ?

ತೊಂದರೆ ಇರುವುದು ತೊಳೆಯುವುದರಲ್ಲಿ. ಹಚ್ಚಿದ 1ರಿಂದ 4 ಗಂಟೆಯೊಳಗೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ತೆಗೆಯಬೇಕು. ಬಿಟ್ಟರೆ ಸುತ್ತಲಿನ ಚರ್ಮವನ್ನೂ ಸುಡುತ್ತದೆ, ಮೈಯೊಳಗೂ ಇಳಿಯುತ್ತದೆ. ಡಾಕ್ಟರಿರುವ ಶಿವಮೊಗ್ಗದಲ್ಲೇ ಮನೆ ಇರುವವರಿಗೆ ಇದೊಂದು ಲೆಕ್ಕವೇ ಅಲ್ಲ. ನನಗೆ ಮಾತ್ರ ಹಚ್ಚಿದ ಗಳಿಗೆಯಿಂದ ಗಡಿಯಾರ ನೋಡುವುದೇ ಕೆಲಸ. ಮೊದಲು ಅದು ಒಣಗುವವರೆಗೆ ಕ್ಲಿನಿಕ್ಕಿನ ಪರದೆಯ ಹಿಂದೆ ನಿಲ್ಲಬೇಕು. ಇಲ್ಲದಿದ್ದರೆ ಒಳಚಡ್ಡಿಗೆ ಅಂಟಿ, ಬೇಡದ ಕಡೆಯೆಲ್ಲ ಮೆತ್ತಿಕೊಳ್ಳುತ್ತದೆ. ಆಮೇಲೆ ಆಟೋ ಹಿಡಿದು ಬಸ್‌ಸ್ಟ್ಯಾಂಡ್. ಬಸ್ಸು ಹೊರಡುವವರೆಗೆ ಕಾಯಬೇಕು. ಆಯನೂರು, ರಿಪ್ಪನ್‌ಪೇಟೆ ದಾಟಿ ಹೊಸನಗರ. ಅಲ್ಲಿಂದ ಮನೆಗೆ ಇನ್ನೊಂದು ಗಾಡಿ. ಎಲ್ಲ ಸರಿಯಾಗಿ ಸಿಕ್ಕರೆ ಹೊತ್ತಿಗೆ ಮುಟ್ಟಬಹುದು.

ಮಳೆಗಾಲದಲ್ಲಿ ಎಲ್ಲ ಸರಿಯಾಗಿ ಸಿಗುವುದು ಎಲ್ಲಿ? ಒಂದು ಸಂಜೆ ಗಾಳಿಮಳೆಗೆ ರಸ್ತೆಗೆ ಮರ ಬಿತ್ತು. ಬಸ್ಸು ಅಲ್ಲೇ ನಿಂತಿತು. ಮುಂದೆ ಜನ ಕತ್ತಿ, ಗರಗಸ ಹಿಡಿದು ಕೊಂಬೆ ಕಡಿಯುತ್ತಿದ್ದರು. ನನಗೆ ಕೂತಲ್ಲೇ ಉರಿ ಶುರುವಾಗಿತ್ತು. ಸುತ್ತ ಸುರಿಯುವುದೆಲ್ಲ ನೀರೇ, ಆದರೆ ತೊಳೆದುಕೊಳ್ಳಲು ಒಂದು ಮರೆಯಿಲ್ಲ. ರಸ್ತೆ ಬಿಟ್ಟ ಮೇಲೆ ರಿಪ್ಪನ್‌ಪೇಟೆಯಲ್ಲಿ ಇಳಿದು, ಒಂದು ಹೋಟೆಲಿನ ಹಿಂದಿನ ಬಚ್ಚಲಿನಲ್ಲಿ ತೊಳೆದುಕೊಂಡೆ. ಆಗಲೇ ಹೊತ್ತು ಮೀರಿತ್ತು. ಮರುದಿನ ಚರ್ಮ ಕಿತ್ತು ಕೆಂಪಾಯಿತು. ನಡೆದರೆ ಉಜ್ಜುತ್ತದೆ, ಮೂತ್ರ ತಾಗಿದರೆ ಜೀವ ಹೋಗುತ್ತದೆ. ನರೂಲಿ ಉದುರಿದ್ದು ಅರ್ಧ ಮಾತ್ರ. ಈಗ ಅನೇಕ ಮಾರ್ಗಸೂಚಿಗಳು ಪೊಡೊಫಿಲಿನ್‌ಗಿಂತ ಸುರಕ್ಷಿತ ಔಷಧಿಗಳನ್ನೇ ಮುಂದೆ ಇಡುತ್ತವೆ. ಇದರ ಶುದ್ಧ ರೂಪ ಪೊಡೊಫಿಲೊಟಾಕ್ಸಿನ್ 0.5% ಅಂತ ಬರುತ್ತದೆ. ಅದನ್ನು ಮನೆಯಲ್ಲೇ ದಿನಕ್ಕೆ ಎರಡು ಸಲ 3 ದಿನ ಹಚ್ಚಿ, 4 ದಿನ ಬಿಡುವು ಕೊಡುವುದು. ತೊಳೆಯುವ ಗಡಿಬಿಡಿ ಇಲ್ಲ. ಅದನ್ನು ನಾನು ಬಳಸಿಲ್ಲ.

ಫ್ರೀಜಿಂಗ್ ಅಂದರೆ ಲಿಕ್ವಿಡ್ ನೈಟ್ರೋಜನ್. ಮೈನಸ್ 196 ಡಿಗ್ರಿ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸಲು ಪಶು ಆಸ್ಪತ್ರೆಯವರು ಇಟ್ಟುಕೊಳ್ಳುವ ಕ್ಯಾನಿನಲ್ಲಿ ಇರುವುದೂ ಇದೇ. ನರೂಲಿಯ ಮೇಲೆ ಬಿಟ್ಟ ಕೂಡಲೇ ಅದು ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಚುರುಕ್ ಅನ್ನುತ್ತದೆ, ತಡೆಯಬಹುದು. ಆಮೇಲೆ ಬೊಕ್ಕೆ ಎದ್ದು ಒಣಗಿ ಉದುರುತ್ತದೆ. ಸಣ್ಣವು ಚೆನ್ನಾಗಿ ಹೋದವು. ದೊಡ್ಡದು ಹಠ ಹಿಡಿಯಿತು. ವಾರ, ಎರಡು ವಾರಕ್ಕೊಮ್ಮೆ ಮತ್ತೆ ಮತ್ತೆ ಮಾಡಿಸಬೇಕು. ಈ ದ್ರವ ಬಳಸದೆ ಇಟ್ಟರೂ ಆವಿಯಾಗುತ್ತಾ ಹೋಗುತ್ತದೆ. ನಾನು ಹೋದ ಒಂದು ದಿನ ಕ್ಯಾನೇ ಖಾಲಿ. ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ನಮ್ಮ ಬಣ್ಣದ ಚರ್ಮದಲ್ಲಿ ಬಿಳಿ ಕಲೆ ಉಳಿಯಬಹುದು.

ಕ್ರೀಮು ಇಮಿಕ್ವಿಮಾಡ್ 5%. ಸಣ್ಣ ಸ್ಯಾಶೆಗಳಲ್ಲಿ ಬರುತ್ತದೆ. ಇದು ನರೂಲಿಯನ್ನು ನೇರವಾಗಿ ಸುಡುವುದಿಲ್ಲ. ಆ ಜಾಗದಲ್ಲಿ ನಮ್ಮ ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸಿ ವೈರಸ್ ಮೇಲೆ ಬಿಡುತ್ತದೆ. ವಾರಕ್ಕೆ ಮೂರು ರಾತ್ರಿ ಮಲಗುವಾಗ ಹಚ್ಚಿ, 6ರಿಂದ 10 ಗಂಟೆ ಬಿಟ್ಟು ಬೆಳಿಗ್ಗೆ ತೊಳೆಯಬೇಕು. ಹೆಚ್ಚೆಂದರೆ 16 ವಾರ. ಪೂರ್ತಿ ಕೋರ್ಸಿಗೆ 48 ಸ್ಯಾಶೆ. ಒಂದೊಂದು ವಾರದ್ದು ಅಗ್ಗ ಅನಿಸುತ್ತದೆ, ಕೂಡಿಸಿದರೆ ಕೈ ಕಚ್ಚುತ್ತದೆ. ಕೆಂಪಾಗಿ ಉರಿಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ, ಬೆವರು, ಒದ್ದೆ ಪ್ಯಾಂಟಿನ ಜೊತೆ ಆ ಉರಿ ಬಹಳ ಕಷ್ಟ. ಹೆಂಗಸರಿಗಿಂತ ಗಂಡಸರಲ್ಲಿ ಇದರ ಫಲ ಕಡಿಮೆ ಅಂತ ಡಾಕ್ಟರು ಮೊದಲೇ ಹೇಳಿದ್ದರು, ಅದು ಗೊತ್ತಿರಲಿ. ಕ್ರೀಮು ಕಾಂಡೋಮಿನ ರಬ್ಬರನ್ನೂ ಹಾಳುಮಾಡುತ್ತದೆ. ಹಚ್ಚಿರುವಾಗ ಕೂಡಬೇಡಿ.

ಈಗ ಕಾಟರಿ. ಇಂಜೆಕ್ಷನ್ ಚುಚ್ಚುವಾಗ ನೋವಾಗುತ್ತದೆ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಆಗುತ್ತದೆ. ಅದು ಮುಗಿದ ಮೇಲೆ ಏನೂ ಗೊತ್ತಾಗುವುದಿಲ್ಲ. ಕೂದಲು ಸುಟ್ಟ ವಾಸನೆ, ಸಣ್ಣ ಹೊಗೆ. ಆ ಹೊಗೆಯಲ್ಲೂ ವೈರಸ್ ಇರಬಹುದು ಅಂತ ಡಾಕ್ಟರು ಒಳ್ಳೆ ಮಾಸ್ಕ್ ಹಾಕಿ, ಹೊಗೆ ಎಳೆಯುವ ಪೈಪು ಇಟ್ಟುಕೊಂಡಿದ್ದರು. ದೊಡ್ಡದು, ಚಿಕ್ಕದು ಎಲ್ಲ ಒಂದೇ ಸಲಕ್ಕೆ ಹೋದವು. ಎದ್ದು ಪ್ಯಾಂಟು ಹಾಕಿಕೊಂಡು ಬಸ್ಸಿಗೆ ಬಂದೆ. ಗಡಿಯಾರ ನೋಡುವ ಕೆಲಸ ಇರಲಿಲ್ಲ.

ಗಾಯ ಒಣಗುವುದೇ ಇಲ್ಲಿ ಮುಖ್ಯ. ಮುಲಾಮು ಹಚ್ಚಿ, ಜಾಗ ಒಣಗಿಸಿ ಇಟ್ಟುಕೊಳ್ಳಬೇಕು. ಆಷಾಢದಲ್ಲಿ ನಮ್ಮಲ್ಲಿ ಒಳಬಟ್ಟೆ ವಾರವಾದರೂ ತಂಪು ಆರುವುದಿಲ್ಲ. ಬಚ್ಚಲ ಒಲೆಯ ಮೇಲೆ ಹರವಿ, ಮೇಲೊಂದು ಇಸ್ತ್ರಿ ಹೊಡೆದರೆ ಮಾತ್ರ ಹಾಕಬಹುದು. ಆದಷ್ಟೂ ಮಳೆ ಕಡಿಮೆಯಾದ ಮೇಲೆ, ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಮಾಡಿಸಿ. ಒಂದೇ ಸಲಕ್ಕೆ ಕೊಡುವ ದುಡ್ಡು ಜಾಸ್ತಿ, ನಿಜ. ಬಸ್ ಚಾರ್ಜು, ತಪ್ಪಿದ ಕೆಲಸ, ಮನೆಯಲ್ಲಿ ಹೇಳಬೇಕಾದ ಸಬೂಬು ಎಲ್ಲ ಲೆಕ್ಕ ಹಾಕಿದರೆ ನನಗೆ ಇದೇ ಅಗ್ಗ. ಶಿವಮೊಗ್ಗದಲ್ಲೇ ಇದ್ದು, ಸಣ್ಣವು ಒಂದೆರಡು ಮಾತ್ರ ಇದ್ದರೆ ಫ್ರೀಜಿಂಗ್ ಸಾಕು. ಡಾಕ್ಟರ ಮುಂದೆ ಮತ್ತೆ ಮತ್ತೆ ಬಟ್ಟೆ ಬಿಚ್ಚಲು ಸಂಕೋಚ ಇರುವವರಿಗೆ, ತಾಳ್ಮೆ ಇದ್ದರೆ, ಕ್ರೀಮು.

ಯಾವುದನ್ನೇ ಮಾಡಿಸಿ, ಹೋಗುವುದು ನರೂಲಿ ಮಾತ್ರ. ವೈರಸ್ ಚರ್ಮದಲ್ಲಿ ಸ್ವಲ್ಪ ಕಾಲ ಉಳಿಯುತ್ತದೆ. ಮತ್ತೆ ಬರುವುದಾದರೆ ಹೆಚ್ಚಾಗಿ ಮೊದಲ 3 ತಿಂಗಳಲ್ಲಿ. ನನಗೂ ಒಂದು ಚಿಕ್ಕದು ಬಂತು, ಉಳಿದಿದ್ದ ಕ್ರೀಮಿನಲ್ಲೇ ಹೋಯಿತು. ಸಿಗರೇಟು ಸೇದುವವರಲ್ಲಿ ಇದು ಬೇಗ ಬಿಡುವುದಿಲ್ಲ. ಬೋಳಿಸಿಕೊಂಡರೆ ಅಕ್ಕಪಕ್ಕಕ್ಕೆ ಹರಡುತ್ತದೆ, ಬ್ಲೇಡು ದೂರ ಇಡಿ.

ಹೆಂಡತಿಗೆ ಹೇಳುವ ವಿಷಯದಲ್ಲಿ ಮನೆಗಳು ಒಡೆಯುವ ಭಯ ಇರುತ್ತದೆ. ದಯವಿಟ್ಟು ಇದನ್ನು ಇಬ್ಬರೂ ತಿಳಿದುಕೊಳ್ಳಿ: ಈ ವೈರಸ್, ಎಚ್‌ಪಿವಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸುಮ್ನೆ ಕೂತು ಆಮೇಲೆ ಕಾಣಿಸಿಕೊಳ್ಳಬಹುದು. ಇವತ್ತು ನರೂಲಿ ಎದ್ದಿತು ಅಂದರೆ ಮೊನ್ನೆ ಯಾರೋ ಮೋಸ ಮಾಡಿದರು ಅಂತ ಅರ್ಥ ಮಾಡಿಕೊಳ್ಳಬೇಕಾಗಿಲ್ಲ. ಗುಪ್ತಾಂಗದ ನರೂಲಿಯಲ್ಲಿ 100ಕ್ಕೆ ಸುಮಾರು 90ಕ್ಕೆ ಕಾರಣ ಎಚ್‌ಪಿವಿಯ 6 ಮತ್ತು 11ನೇ ಬಗೆ. ಹೆಂಗಸರ ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣ 16 ಮತ್ತು 18. ಬಗೆ ಬೇರೆಯಾದರೂ, ಒಬ್ಬರಲ್ಲೇ ಎರಡೂ ಇರಬಹುದು. ಈ ಕ್ಯಾನ್ಸರ್ ಪತ್ತೆಗೆ ವಯಸ್ಸಿಗೆ ತಕ್ಕ ಹಾಗೆ ಮಾಡಿಸಬೇಕಾದ ಪ್ಯಾಪ್ ಪರೀಕ್ಷೆಯನ್ನು ನನ್ನ ಹೆಂಡತಿ ಮಾಡಿಸಿಕೊಂಡಳು. ಕಾಂಡೋಮ್ ಅಪಾಯ ಕಡಿಮೆ ಮಾಡುತ್ತದೆ, ಮುಚ್ಚದ ಚರ್ಮ ತಾಗಿ ಬರುವುದನ್ನು ತಡೆಯುವುದಿಲ್ಲ.

ತಡೆಯುವುದು ಲಸಿಕೆ. ಎದ್ದ ನರೂಲಿಗೆ ಅದು ಔಷಧಿ ಆಗುವುದಿಲ್ಲ, ಮುಂಚೆಯೇ ಹಾಕಿಸಬೇಕು. ಸೀರಂ ಇನ್ಸ್ಟಿಟ್ಯೂಟಿನ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ 6, 11, 16, 18 ನಾಲ್ಕೂ ಇವೆ. 9ರಿಂದ 26 ವಯಸ್ಸಿನ ಹುಡುಗರಿಗೂ ಹಾಕಬಹುದು. 9ರಿಂದ 14 ವಯಸ್ಸಿನವರಿಗೆ ಎರಡು ಡೋಸ್, 15 ತುಂಬಿದವರಿಗೆ ಮೂರು. ಗಾರ್ಡಸಿಲ್‌ನಲ್ಲೂ 6, 11 ಇವೆ. ಸರ್ವಾರಿಕ್ಸ್ ಅನ್ನುವುದರಲ್ಲಿ 16, 18 ಮಾತ್ರ ಇದ್ದವು, ನರೂಲಿಗೆ ಅದು ತಡೆಯಲ್ಲ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಕೇಳಿ, ಡಬ್ಬಿ ನೋಡಿಯೇ ಹಾಕಿಸಿ. ಅಕ್ಕನ ಮಗನಿಗೆ ನಾನೇ ಮುಂದೆ ನಿಂತು ಸರ್ವಾವ್ಯಾಕ್ ಹಾಕಿಸುತ್ತಿದ್ದೇನೆ.