ವರೆನಿಕ್ಲಿನ್ ಮಾತ್ರೆ, 44 ದಿನ: ಸಿಗರೇಟ್ ಬಿಟ್ಟಿತು, ಆದರೆ ಮನಸ್ಸು ಕೆಟ್ಟದ್ದು ನನಗೇ ಗೊತ್ತಾಗಲಿಲ್ಲ

ರೇಟಿಂಗ್: 5ಕ್ಕೆ 3. ಸಿಗರೇಟ್ ಬಿಡಿಸುವ ಕೆಲಸಕ್ಕೆ ಪೂರ್ತಿ ಅಂಕ. ಏನೂ ಕೇಳದೆ, ಏನೂ ಹೇಳದೆ ನನ್ನ ಕೈಗೆ ಕೊಟ್ಟ ರೀತಿಗೆ ಎರಡು ಕಡಿಮೆ.

ನಾನು ಗದಗಿನಲ್ಲಿ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಮಶೀನ್ ನಡೆಸುತ್ತೇನೆ. ವಯಸ್ಸು 46. ಸಿಗರೇಟು ಹಿಡಿದದ್ದು 19ನೇ ವಯಸ್ಸಿಗೆ. ದಿನಕ್ಕೆ 15 ಆಗುತ್ತಿತ್ತು, ಮದುವೆ ಸೀಸನ್‌ನಲ್ಲಿ 20 ದಾಟುತ್ತಿತ್ತು. ಪ್ರೆಸ್ಸಿನ ಒಳಗೆ ಸೇದುವಂತಿಲ್ಲ, ಸುತ್ತಲೂ ಪೇಪರ್ ರೀಮು. ಹಾಗಾಗಿ ಪ್ಲೇಟ್ ಬದಲಿಸಿದಾಗಲೆಲ್ಲ ಎದುರಿನ ಪಾನ್ ಅಂಗಡಿಗೆ ಒಂದು ಸುತ್ತು. ಮೂರು ಸಲ ಬಿಟ್ಟು ನೋಡಿದ್ದೆ. ಹೆಚ್ಚೆಂದರೆ 11 ದಿನ.

ಎರಡು ವರ್ಷದ ಹಿಂದೆ ಸಂಕ್ರಾಂತಿ ಮುಗಿದ ಮೇಲೆ ಕೆಮ್ಮು ಜಾಸ್ತಿ ಆಯಿತು. ಒಂದು ಕ್ಲಿನಿಕ್‌ಗೆ ಹೋದೆ. ಹೆಸರು ಬರೆಯುವುದಿಲ್ಲ. ಎದೆ ಪರೀಕ್ಷೆ ಮಾಡಿ, ಸಿಗರೇಟ್ ಬಿಡಲೇಬೇಕು ಎಂದು ಹೇಳಿ ವರೆನಿಕ್ಲಿನ್ ಬರೆದುಕೊಟ್ಟರು. ಮೊದಲ ಮೂರು ದಿನ ಅರ್ಧ ಮಿಲಿಗ್ರಾಂ ದಿನಕ್ಕೊಂದು. ನಾಲ್ಕರಿಂದ ಏಳನೇ ದಿನದವರೆಗೆ ಅದೇ ಎರಡು ಹೊತ್ತು. ಎಂಟನೇ ದಿನದಿಂದ 1 ಮಿಲಿಗ್ರಾಂ ಎರಡು ಹೊತ್ತು. ಒಟ್ಟು 12 ವಾರ. ಮೊದಲ ವಾರ ಸೇದುತ್ತಲೇ ಮಾತ್ರೆ ತೆಗೆದುಕೊಳ್ಳಬೇಕು, ಎಂಟನೇ ದಿನ ಸಿಗರೇಟ್ ಬಿಡಬೇಕು. ಇಷ್ಟು ಹೇಳಿದರು. ಐದು ನಿಮಿಷವೂ ಆಗಲಿಲ್ಲ.

ಮಾತ್ರೆ ಕೆಲಸ ಮಾಡುವ ರೀತಿ ನನಗೆ ಆಮೇಲೆ ಬೇರೆ ಡಾಕ್ಟರು ತಿಳಿಸಿ ಹೇಳಿದರು. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿ ಹಿಡಿಯುತ್ತೇವಲ್ಲ, ಹಾಗೆ. ಮಿದುಳಿನಲ್ಲಿ ನಿಕೋಟಿನ್ ಬಂದು ಕೂರುವ ಜಾಗದಲ್ಲಿ ಈ ಮಾತ್ರೆ ಮೊದಲೇ ಕೂತಿರುತ್ತದೆ. ಸಿಗರೇಟ್ ಕೊಡುವ ಸುಖದಲ್ಲಿ ಸ್ವಲ್ಪ ಭಾಗ ತಾನೇ ಕೊಡುತ್ತದೆ, ಅದಕ್ಕೇ ತಲಬು ಕಡಿಮೆ. ಮೇಲೆ ಸಿಗರೇಟ್ ಸೇದಿದರೂ ನಿಕೋಟಿನ್‌ಗೆ ಸೀಟ್ ಇಲ್ಲ, ಹಾಗಾಗಿ ಮಜಾ ಬರುವುದಿಲ್ಲ. ನನಗೆ ಆರನೇ ದಿನವೇ ಇದು ಗೊತ್ತಾಯಿತು. ಪಾನ್ ಅಂಗಡಿ ಮುಂದೆ ನಿಂತು ಹಚ್ಚಿದೆ, ಪೇಪರ್ ಸುಟ್ಟ ಹೊಗೆ ಕುಡಿದಂತೆ ಅನ್ನಿಸಿತು. ಅರ್ಧಕ್ಕೇ ಬಿಸಾಕಿದೆ. 25 ವರ್ಷದಲ್ಲಿ ಅರ್ಧ ಸಿಗರೇಟ್ ಬಿಸಾಕಿದ್ದು ಅದೇ ಮೊದಲು. ಎಂಟನೇ ದಿನ ಪೂರ್ತಿ ಬಿಟ್ಟೆ. ಕಷ್ಟವೇ ಆಗಲಿಲ್ಲ. ಮಾತ್ರೆ ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಹೊಟ್ಟೆಯ ತೊಂದರೆ ಇದ್ದೇ ಇರುತ್ತದೆ. ಬರೀ ಚಹಾದ ಮೇಲೆ ತೆಗೆದುಕೊಂಡ ದಿನ ವಾಂತಿ ಆಯಿತು. ರೊಟ್ಟಿ ಪಲ್ಯ ಹೊಟ್ಟೆ ತುಂಬ ತಿಂದು, ದೊಡ್ಡ ಲೋಟ ನೀರಿನ ಜೊತೆ ತೆಗೆದುಕೊಂಡರೆ ತಡೆಯಿತು. ಇದಕ್ಕಾಗಿ ಯಾರೂ ಮಾತ್ರೆ ಬಿಡಬೇಡಿ.

ಮೂರನೇ ವಾರ ಕನಸು ಶುರುವಾಯಿತು. ವಿಚಿತ್ರ ಕನಸು ಬೀಳುವುದು ಈ ಮಾತ್ರೆಯಲ್ಲಿ ಮಾಮೂಲಿ, ಎಷ್ಟೋ ಜನರಿಗೆ ಬೀಳುತ್ತದೆ, ಹೆದರುವಂಥದ್ದಲ್ಲ. ಆದರೆ ನನ್ನದೊಂದು ಕನಸು ಹೇಳುತ್ತೇನೆ. ನಾನು ಮಶೀನ್ ಮುಂದೆ ನಿಂತಿದ್ದೇನೆ. ಮದುವೆ ಕಾರ್ಡ್ ಬದಲು ಶಿವಗಣಾರಾಧನೆ ಕಾರ್ಡ್ ಬರುತ್ತಿವೆ. ಅದರಲ್ಲಿ ನನ್ನದೇ ಹೆಸರು. ನನಗೆ ಭಯವೇ ಇಲ್ಲ. ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ ಎಂದು ಪೆನ್ ಹಿಡಿದು ಪ್ರೂಫ್ ತಿದ್ದುತ್ತಿದ್ದೇನೆ. ಎಚ್ಚರವಾದಾಗ ಎರಡು ಗಂಟೆ. ಮತ್ತೆ ನಿದ್ದೆ ಬರಲಿಲ್ಲ. ಅಂದಿನಿಂದ ಎರಡು ಗಂಟೆಗೆ ಏಳುವುದು ದಿನದ ರೂಢಿ ಆಯಿತು.

ಆಮೇಲಿನದನ್ನು ನಾನು ಹೇಳಿದರೆ ಪೂರ್ತಿ ಸರಿ ಬರುವುದಿಲ್ಲ. ಯಾಕೆಂದರೆ ಆ ದಿನಗಳಲ್ಲಿ ನನ್ನನ್ನು ಕೇಳಿದ್ದರೆ ‘ನಾನು ಆರಾಮ ಇದ್ದೀನಿ’ ಎಂದೇ ಹೇಳುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿ ಹಾಗೇ ಅನ್ನಿಸುತ್ತಿತ್ತು.

ಪ್ರೆಸ್ಸಿನಲ್ಲಿ ಹೆಲ್ಪರ್ ಹುಡುಗನಿದ್ದಾನೆ, ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವನು. ಒಂದು ದಿನ ಕಾರ್ಡಿನಲ್ಲಿ ಕೆಂಪು ಬಣ್ಣ ಕೂದಲೆಳೆಯಷ್ಟು ಸರಿದಿತ್ತು. ‘ಅಣ್ಣಾರ, ಪ್ಲೇಟ್ ಸರಿ ಮಾಡ್ಲೇನ್ರಿ?’ ಎಂದು ಕೇಳಿದ. ನಾನು ಕೈಯಲ್ಲಿದ್ದ ಕಾರ್ಡಿನ ಕಟ್ಟನ್ನು ಅವನ ಎದೆಗೆ ಎಸೆದೆ. ಅವನು ಒಂದೊಂದೇ ಕಾರ್ಡ್ ಆರಿಸಿಕೊಂಡ, ತಲೆ ಎತ್ತಲಿಲ್ಲ. ಈಗ ಬರೆಯುವಾಗಲೂ ಕೈ ನಿಲ್ಲುತ್ತದೆ. ಅಂದು ಮಾತ್ರ ತಪ್ಪು ಅವನದೇ ಅನ್ನಿಸಿತ್ತು. ಸಿಗರೇಟ್ ಬಿಟ್ಟವನಿಗೆ ಸಿಟ್ಟು ಬರುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಇದೂ ಅದೇ ಅಂದುಕೊಂಡೆ.

ನಮ್ಮ ಅಡುಗೆಮನೆ ಗೋಡೆಗೆ ಒಂದು ಕ್ಯಾಲೆಂಡರ್ ಇದೆ. ಅದರಲ್ಲಿ ನನ್ನ ಹೆಂಡತಿ ಹಾಲಿನ ಲೆಕ್ಕ ಬರೆಯುತ್ತಾಳೆ. ಮಾತ್ರೆ ಶುರುವಾದ 23ನೇ ದಿನದಿಂದ ಆ ಲೆಕ್ಕದ ಕೆಳಗೆ ಸಣ್ಣ ಅಕ್ಷರದಲ್ಲಿ ಬೇರೆ ಏನೋ ಬರೆಯತೊಡಗಿದ್ದಳು. ‘ಉಂಡಿಲ್ಲ.’ ‘2ಕ್ಕೆ ಎದ್ದು ಕೂತಿದ್ರು.’ ‘ಮಗಳ ಕೂಡ ಮಾತಿಲ್ಲ.’ ‘ಅತ್ತರು, ಕೇಳಿದ್ರ ಇಲ್ಲ ಅಂದ್ರು.’ ನಾನು ದಿನಾ ಅದೇ ಗೋಡೆಯ ಮುಂದೆ ನೀರು ಕುಡಿಯುತ್ತಿದ್ದೆ. ಒಮ್ಮೆಯೂ ಓದಲಿಲ್ಲ.

43ನೇ ದಿನ ರಾತ್ರಿ ನಾನು ಟ್ರಂಕ್ ತೆಗೆದು ಕಾಗದ ಜೋಡಿಸುತ್ತ ಕೂತಿದ್ದೆ. ವಿಮೆ ಪಾಲಿಸಿ, ಬ್ಯಾಂಕ್ ಪಾಸ್‌ಬುಕ್, ಮನೆಯ ಉತಾರ, ಮಗಳ ಮಾರ್ಕ್ಸ್ ಕಾರ್ಡ್. ಯಾವುದು ಮೊದಲು ಬೇಕಾಗುತ್ತದೋ ಅದನ್ನು ಮೇಲೆ ಇಟ್ಟೆ. ಸಾಯಬೇಕು ಎಂದು ಬಾಯಿಬಿಟ್ಟು ಅಂದುಕೊಂಡಿರಲಿಲ್ಲ. ನಾನಿಲ್ಲದಿದ್ದರೆ ಇವರಿಗೆ ಹಗುರ, ಅಷ್ಟೇ. ಅದು ಲೆಕ್ಕ ಬಿಡಿಸಿದಷ್ಟು ಸರಳವಾಗಿ ಕಾಣುತ್ತಿತ್ತು. ಹೆಂಡತಿ ಎದ್ದು ಬಂದಳು. ಕಾಗದ ನೋಡಿದಳು, ನನ್ನ ಮುಖ ನೋಡಿದಳು. ಪಕ್ಕದಲ್ಲಿ ಕೂತು ಹೇಳಿದಳು: ‘ನೀವು ಮೊದಲಿನಂಗ ಇಲ್ಲ ನೋಡ್ರಿ. ನಿಮಗ ಅದು ಗೊತ್ತಾಗವಲ್ದು. ನಾಳೆ ಧಾರವಾಡಕ್ಕ ಹೋಗೂಣು.’

ನಮ್ಮ ಕಡೆ ‘ಧಾರವಾಡಕ್ಕೆ ಹೋಗಬೇಕು’ ಎಂದರೆ ಏನು ಅರ್ಥ ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಹಳೆಯ ಹುಚ್ಚಾಸ್ಪತ್ರೆ ಇತ್ತು, ಈಗ ಅದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆ. ಆ ಮಾತನ್ನು ಗಂಡನಿಗೆ ಹೇಳಲು ಅವಳಿಗೆ ಎಷ್ಟು ಕಷ್ಟ ಆಗಿರಬೇಕು. ಆ ರಾತ್ರಿ ಅವಳು ಮಲಗಲಿಲ್ಲ, ನನ್ನನ್ನು ಒಂಟಿಯಾಗಿ ಬಿಡಲೂ ಇಲ್ಲ. ಬೆಳಿಗ್ಗೆ ಟ್ರೇನ್ ಹಿಡಿದೆವು. ಅಣ್ಣಿಗೇರಿ ದಾಟಿ ಹುಬ್ಬಳ್ಳಿ, ಅಲ್ಲಿಂದ ಚಿಗರಿ ಬಸ್ಸಿನಲ್ಲಿ ಧಾರವಾಡ. ದಾರಿಯುದ್ದಕ್ಕೂ ಅವಳ ತೊಡೆಯ ಮೇಲೆ ಸುರುಳಿ ಸುತ್ತಿದ ಕ್ಯಾಲೆಂಡರ್ ಇತ್ತು.

ಮನೋವೈದ್ಯರು ಮೊದಲು ನನ್ನನ್ನು ಕೇಳಿದರು. ಆರಾಮ ಇದ್ದೀನಿ, ನಿದ್ದೆ ಸ್ವಲ್ಪ ಕಡಿಮೆ ಅಂದೆ. ಅವಳು ಕ್ಯಾಲೆಂಡರ್ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಅವರು ಬೆರಳಿಟ್ಟು ಒಂದೊಂದು ತಾರೀಖು ಓದಿದರು. ಆಮೇಲೆ ಕೇಳಿದ ಪ್ರಶ್ನೆ: ‘ಹಿಂದೆ ಯಾವಾಗರ ಮನಸ್ಸಿಗೆ ಔಷಧ ತಗೊಂಡಿದ್ರೇನು?’

ತಗೊಂಡಿದ್ದೆ. ಎಂಟು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಏಳು ತಿಂಗಳು ಖಿನ್ನತೆಗೆ ಮಾತ್ರೆ ತಗೊಂಡಿದ್ದೆ. ಅದು ಮುಗಿದ ಕಥೆ ಅಂದುಕೊಂಡಿದ್ದೆ. ಸಿಗರೇಟ್ ಬಿಡುವುದಕ್ಕೂ ಅದಕ್ಕೂ ಏನು ಸಂಬಂಧ? ಮೊದಲ ಕ್ಲಿನಿಕ್‌ನಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಔಷಧ ಅಂಗಡಿಯಲ್ಲೂ ಅಷ್ಟೇ. ಮಾತ್ರೆಯ ಪಟ್ಟಿಗಳನ್ನು ಡಬ್ಬಿಯಿಂದ ತೆಗೆದು ಬಿಡಿಯಾಗಿ ಕೊಟ್ಟರು. ಎಚ್ಚರಿಕೆ ಬರೆದ ಚೀಟಿ ಡಬ್ಬಿಯಲ್ಲೇ ಉಳಿಯಿತು. ಎರಡನೇ ತಿಂಗಳ ಮಾತ್ರೆ ಕೊಡುವಾಗ ಡಾಕ್ಟರ ಚೀಟಿಯನ್ನೂ ಕೇಳಲಿಲ್ಲ. ಆಮೇಲೆ ಆ ಎಚ್ಚರಿಕೆ ಚೀಟಿ ತರಿಸಿ ನೋಡಿದೆ. ಅಕ್ಷರದ ಅಳತೆ ನನ್ನ ಕಸುಬು. 5 ಪಾಯಿಂಟ್ ಇಂಗ್ಲಿಷ್, ತೆಳು ಕಾಗದ, ಹಿಂದಿನ ಮಗ್ಗುಲಿನ ಅಕ್ಷರವೂ ಕಾಣುತ್ತದೆ. ಮನಸ್ಸಿನ ಬದಲಾವಣೆ, ಖಿನ್ನತೆ, ಆತ್ಮಹತ್ಯೆಯ ಯೋಚನೆ ಬಂದರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ ಎಂದು ಅದರಲ್ಲಿ ಇತ್ತು. ಇದ್ದು ಏನು ಬಂತು, ನಮ್ಮ ಕೈಗೆ ಬರಬೇಕಲ್ವಾ?

ಅಂದೇ ಮಾತ್ರೆ ನಿಲ್ಲಿಸಿದರು. ಹಳೆಯ ಖಿನ್ನತೆಯ ಔಷಧ ಮತ್ತೆ ಶುರು ಮಾಡಿದರು, ವಾರಕ್ಕೊಮ್ಮೆ ಕರೆಸಿದರು. ಎರಡು ವಾರದಲ್ಲಿ ಮೋಡ ಸರಿದಂತಾಯಿತು. ಆಗಲೇ ಟ್ರಂಕಿನ ಕಾಗದ ನೆನಪಾಗಿ ಮೈ ನಡುಗಿತು.

ಇದು ಮಾತ್ರೆಯಿಂದಲೇ ಆಯಿತೇ ಎಂದು ಕೇಳಿದೆ. ಡಾಕ್ಟರು ನೇರ ಹೇಳಿದರು: ಒಬ್ಬ ಮನುಷ್ಯನಲ್ಲಿ ಅದನ್ನು ಖಚಿತ ಹೇಳಲು ಆಗುವುದಿಲ್ಲ. ನಿಕೋಟಿನ್ ನಿಂತಾಗ ಬೇಸರ, ಸಿಟ್ಟು, ನಿದ್ದೆಗೇಡು ತಾನಾಗಿಯೂ ಬರುತ್ತದೆ. ಮೊದಲೇ ಖಿನ್ನತೆ ಆದವರಲ್ಲಿ ಅದು ಮರಳುವುದೂ ಉಂಟು.

ಆಮೇಲೆ ನಾನು ಓದಿ ತಿಳಿದದ್ದು ಇಷ್ಟು. ಅಮೆರಿಕದಲ್ಲಿ ಈ ಔಷಧಕ್ಕೆ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಮುಂದಿನ ವರ್ಷವೇ ಆತ್ಮಹತ್ಯೆಯ ಯೋಚನೆ, ವಿಚಿತ್ರ ನಡವಳಿಕೆಯ ದೂರು ಬಂದವು. 2009ರ ಜುಲೈನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಡಬ್ಬಿಯ ಮಾಹಿತಿಯಲ್ಲಿ ಕಪ್ಪು ಚೌಕಟ್ಟು ಹಾಕಿ ಎಚ್ಚರಿಕೆ ಅಚ್ಚು ಮಾಡಿಸಿತು. ಸಿಗರೇಟ್ ಬಿಡಲು ಕೊಡುವ ಇನ್ನೊಂದು ಮಾತ್ರೆ ಬುಪ್ರೊಪಿಯಾನ್‌ಗೂ ಅದೇ ಚೌಕಟ್ಟು ಬಿತ್ತು. 2016ರಲ್ಲಿ ಈಗಲ್ಸ್ ಎಂಬ ದೊಡ್ಡ ಅಧ್ಯಯನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು, 8,000ಕ್ಕೂ ಹೆಚ್ಚು ಜನರ ಮೇಲೆ ಮಾಡಿದ್ದು. ಔಷಧವೇ ಇಲ್ಲದ ಖಾಲಿ ಮಾತ್ರೆಗೆ ಹೋಲಿಸಿದರೆ ವರೆನಿಕ್ಲಿನ್‌ನಿಂದ ಮನಸ್ಸಿನ ತೊಂದರೆ ಗಣನೀಯವಾಗಿ ಹೆಚ್ಚಾಗಲಿಲ್ಲ ಎಂದು ಅದು ತೋರಿಸಿತು. ಅದೇ ಡಿಸೆಂಬರ್‌ನಲ್ಲಿ ಚೌಕಟ್ಟು ತೆಗೆದರು. ಎಚ್ಚರಿಕೆಯ ಮಾತು ಚೌಕಟ್ಟಿಲ್ಲದೆ ಒಳಗೆ ಉಳಿಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈ ಅಧ್ಯಯನ ಓದಿ ‘ಹಾಗಾದರೆ ಭಯವೇ ಇಲ್ಲ’ ಎನ್ನುವವರು ಅದರ ಅಂಕಿಯನ್ನು ಇನ್ನೊಮ್ಮೆ ನೋಡಬೇಕು. ಹಿಂದೆ ಮಾನಸಿಕ ಕಾಯಿಲೆ ಇಲ್ಲದವರಲ್ಲಿ ಗಂಭೀರ ತೊಂದರೆ ಆದದ್ದು ವರೆನಿಕ್ಲಿನ್ ತಗೊಂಡವರಲ್ಲಿ 1.3%, ಖಾಲಿ ಮಾತ್ರೆಯವರಲ್ಲಿ 2.4%. ಹಿಂದೆ ಕಾಯಿಲೆ ಇದ್ದವರಲ್ಲಿ 6.5% ಮತ್ತು 4.9%. ಅಂದರೆ ಯಾವ ಮಾತ್ರೆ ಎನ್ನುವುದಕ್ಕಿಂತ, ಹಿಂದೆ ಮನಸ್ಸಿನ ಕಾಯಿಲೆ ಇತ್ತೇ ಎನ್ನುವುದೇ ದೊಡ್ಡ ವ್ಯತ್ಯಾಸ ಮಾಡುತ್ತದೆ. ನನ್ನನ್ನು ಯಾರೂ ಕೇಳದೆ ಬಿಟ್ಟ ಪ್ರಶ್ನೆಯೇ ಅದು! ಇನ್ನೊಂದು ಮಾತು. ಅಧ್ಯಯನದಲ್ಲಿದ್ದ ಅಂಥವರು ಕಾಯಿಲೆ ಹತೋಟಿಯಲ್ಲಿದ್ದವರು, ಅವರನ್ನು ಪದೇ ಪದೇ ಕರೆಸಿ ವಿಚಾರಿಸುತ್ತಿದ್ದರು. ನನ್ನನ್ನು ಆರು ವಾರ ಯಾರೂ ನೋಡಲಿಲ್ಲ, ಹೆಂಡತಿಯ ಹೊರತು.

ಹಾಗಾಗಿ ಈ ಮಾತ್ರೆ ಬೇಡ ಎಂದು ನಾನು ಹೇಳುವುದಿಲ್ಲ. ಹೆದರಿ ಸಿಗರೇಟಿಗೆ ಮರಳಿದರೆ ಅದು ಇನ್ನೂ ದೊಡ್ಡ ಅಪಾಯ. ಡಾಕ್ಟರು ಕೇಳದಿದ್ದರೂ ಹಳೆಯದನ್ನೆಲ್ಲ ನೀವೇ ಹೇಳಿ. ಮನಸ್ಸಿನ ಕಾಯಿಲೆಗೆ ಈಗ ಔಷಧ ತಗೊಳ್ಳುತ್ತಿದ್ದರೆ ಖಂಡಿತ ಹೇಳಬೇಕು. ಓಲಾಂಜಪಿನ್, ಕ್ಲೋಜಪಿನ್‌ನಂಥ ಔಷಧಗಳ ಪ್ರಮಾಣ ಸಿಗರೇಟ್ ಬಿಟ್ಟ ಮೇಲೆ ರಕ್ತದಲ್ಲಿ ಏರುತ್ತದೆ, ಡೋಸ್ ಬದಲಿಸಬೇಕಾಗಬಹುದು. ಕಿಡ್ನಿ ತೊಂದರೆ ಇದ್ದರೂ ಹೇಳಿ. ಕುಡಿಯುವವರು ಜೋಪಾನ. ಈ ಮಾತ್ರೆಯ ಜೊತೆ ಮದ್ಯದ ಅಮಲು ಜಾಸ್ತಿ ಆಗಿ ಕೆಲವರು ಜಗಳಕ್ಕೆ ಬಿದ್ದದ್ದು, ಏನು ಮಾಡಿದೆವು ಎನ್ನುವುದನ್ನೇ ಮರೆತದ್ದು ಇದೆ ಎಂದು ಎಫ್‌ಡಿಎ 2015ರಲ್ಲಿ ಎಚ್ಚರಿಸಿದೆ. ಎಲ್ಲಕ್ಕಿಂತ ಮೊದಲು, ಮೊದಲ ಮಾತ್ರೆ ನುಂಗುವ ಮುಂಚೆ ಮನೆಯಲ್ಲಿ ಒಬ್ಬರನ್ನು ಕೂರಿಸಿ ಹೇಳಿ: ನಾನು ಬದಲಾದರೆ ನನಗೆ ಗೊತ್ತಾಗಲಿಕ್ಕಿಲ್ಲ, ನೀವು ನೋಡಿ, ನನ್ನ ಮಾತು ಕೇಳದೆ ಡಾಕ್ಟರಿಗೆ ಹೇಳಿ. ಕೆಟ್ಟ ಯೋಚನೆ ಬಂದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್‌ಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ತಂಬಾಕು ಬಿಡಲು 1800-11-2356 ಇದೆ, ಅದೂ ಪುಕ್ಕಟೆ.

ನಾನು ಮತ್ತೆ ಸೇದಲಿಲ್ಲ. ಡಾಕ್ಟರ ಸಲಹೆಯಂತೆ 2 ಮಿಲಿಗ್ರಾಂ ನಿಕೋಟಿನ್ ಗಮ್ ಮೂರು ತಿಂಗಳು ಬಳಸಿದೆ. ಅದನ್ನು ಗುಟ್ಕಾ ಹಾಗೆ ಅಗಿಯಬಾರದು. ನಾಲ್ಕಾರು ಸಲ ಅಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ದವಡೆಯ ಪಕ್ಕ ಇಟ್ಟುಕೊಳ್ಳಬೇಕು. ಚಹಾ ಕುಡಿದ ಕೂಡಲೇ ಹಾಕಿಕೊಂಡರೆ ಕೆಲಸ ಮಾಡುವುದಿಲ್ಲ. ಈಗ ಎರಡು ವರ್ಷ ದಾಟಿತು. ಹೆಲ್ಪರ್ ಹುಡುಗನ ಕ್ಷಮೆ ಕೇಳಿದೆ. ‘ಬಿಡ್ರಿ ಅಣ್ಣಾರ’ ಅಂದ, ಆದರೆ ಅವನು ಮೊದಲಿನಂತೆ ನನ್ನ ಜೊತೆ ಸಲೀಸಾಗಿ ಮಾತಾಡಲು ಬಹಳ ದಿನ ಹಿಡಿಯಿತು.

ಕಳೆದ ವರ್ಷ ಕಟಿಂಗ್ ಮಶೀನಿನ ಗೆಳೆಯ ನನ್ನ ಹತ್ತಿರ ಉಳಿದಿದ್ದ ಮಾತ್ರೆ ಕೇಳಿದ. ಕೊಡಲಿಲ್ಲ. ಡಾಕ್ಟರ ಹತ್ತಿರ ಕಳಿಸಿದೆ, ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗು ಅಂದೆ. ಅವನಿಗೆ ಹಿಂದೆ ಏನೂ ತೊಂದರೆ ಇರಲಿಲ್ಲ. 12 ವಾರ ಪೂರ್ತಿ ತಗೊಂಡ, ಸಿಗರೇಟ್ ಬಿಟ್ಟ, ಕನಸು ಬಿದ್ದವು, ಬೇರೇನೂ ಆಗಲಿಲ್ಲ. ಆ 12 ವಾರವೂ ಅವನ ಹೆಂಡತಿ ಪ್ರತಿ ರವಿವಾರ ನನ್ನ ಹೆಂಡತಿಗೆ ಫೋನ್ ಮಾಡುತ್ತಿದ್ದಳು. ಕೈಯಲ್ಲಿ ಕ್ಯಾಲೆಂಡರ್ ಹಿಡಿದೇ ಕೇಳುತ್ತಿದ್ದಳು: ‘ಅಕ್ಕಾರ, ನಿನ್ನೆ ಸಾರಿಗೆ ಉಪ್ಪು ಕಮ್ಮಿ ಆಗೇತಂತ ಜೋರಾಗಿ ಒದರಿದ್ರು. ಇದನ್ನೂ ಬರೀಲೇನ್ರಿ?’