ಹಳೇ ಪ್ರಿಂಟರ್‌ಗೋಸ್ಕರ ರೂಟರ್ ಸೆಕ್ಯುರಿಟಿ ಇಳಿಸಬೇಡಿ

ಹೊಸ ವೈಫೈ 6 ರೂಟರ್ ಹಾಕಿದ ದಿನ ಲ್ಯಾಪ್‌ಟಾಪ್‌ನಲ್ಲಿ ಲಿಂಕ್ ಸ್ಪೀಡ್ (ರೂಟರ್‌ಗೂ ಲ್ಯಾಪ್‌ಟಾಪ್‌ಗೂ ನಡುವಿನ ವೇಗ) 1201 ಎಂಬಿಪಿಎಸ್ ತೋರಿಸುತ್ತಿತ್ತು. ಹಳೇ ಪ್ರಿಂಟರ್ ಒಂದು ಮಾತ್ರ ಕನೆಕ್ಟ್ ಆಗಲಿಲ್ಲ. ಅದಕ್ಕೆ ಟಿಕೆಐಪಿ ಅನ್ನುವ ಹಳೇ ಎನ್‌ಕ್ರಿಪ್ಶನ್ (ವೈಫೈ ಡೇಟಾವನ್ನು ಬೇರೆಯವರು ಓದದಂತೆ ಕಾಯುವ ವಿಧಾನ) ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ರೂಟರ್ ಸೆಟ್ಟಿಂಗ್‌ಗೆ ಹೋಗಿ, ಎಇಎಸ್ ಅನ್ನುವ ಹೊಸ ಎನ್‌ಕ್ರಿಪ್ಶನ್ ಇದ್ದ ಕಡೆ ಟಿಕೆಐಪಿ ಆರಿಸಿ ಸೇವ್ ಮಾಡಿದೆ. 2.4, 5 ಗಿಗಾಹರ್ಟ್ಸ್ ಎರಡೂ ಬ್ಯಾಂಡ್‌ಗೆ ಅದೇ. ಪ್ರಿಂಟರ್ ತಕ್ಷಣ ಸಿಕ್ಕಿತು.

ಮಾರನೇ ದಿನದಿಂದ ವಿಡಿಯೊ ಕಾಲ್ ತಡವರಿಸತೊಡಗಿತು. ಎರಡು ವಾರ ಒದ್ದಾಡಿದೆ. ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿ ಗೋಗರೆದೆ, ರೂಟರ್ ಜಾಗ ಬದಲಿಸಿದೆ, ಚಾನೆಲ್ ಬದಲಿಸಿದೆ. ಕೊನೆಗೊಂದು ದಿನ ರೂಟರ್ ಪಕ್ಕದಲ್ಲೇ ಕೂತು ಲಿಂಕ್ ಸ್ಪೀಡ್ ನೋಡಿದರೆ 54. ಫೋನಿನಲ್ಲೂ 54. ಸಿಗ್ನಲ್ ಮಾತ್ರ ಪೂರ್ತಿ ಇತ್ತು.

ಆ 54 ನೋಡಿದ ಮೇಲೇ ಹೊಳೆದದ್ದು. 2003ರಲ್ಲಿ ಬಂದ 802.11ಜಿ ಅನ್ನುವ ವೈಫೈ ಸ್ಟ್ಯಾಂಡರ್ಡ್‌ನ ಗರಿಷ್ಠ ವೇಗ ಅದು. 5 ಗಿಗಾಹರ್ಟ್ಸ್‌ನ ಹಳೇ 802.11ಎ ಕೂಡ ಅಷ್ಟೇ. 2009ರ 802.11ಎನ್‌ನಿಂದ ಈಚೆಗೆ ಬಂದ ಜಾಸ್ತಿ ವೇಗಗಳನ್ನು ಟಿಕೆಐಪಿ ಜೊತೆ ಬಳಸುವ ಹಾಗೇ ಇಲ್ಲ. ನಿಯಮದಲ್ಲೇ ಹಾಗಿದೆ. ಟಿಕೆಐಪಿ ಆರಿಸಿದರೆ ಹೊಸ ಲ್ಯಾಪ್‌ಟಾಪ್ ಕೂಡ ಹಳೇ ವೇಗಕ್ಕೆ ಇಳಿಯುತ್ತದೆ. ಅದರಲ್ಲೂ ಕೈಗೆ ಸಿಗುವುದು 20-25 ಎಂಬಿಪಿಎಸ್, ಅದನ್ನೂ ಮನೆಯವರೆಲ್ಲ ಹಂಚಿಕೊಳ್ಳಬೇಕು. ಸೇವ್ ಮಾಡುವಾಗ ರೂಟರ್ ಇದನ್ನು ಒಂದು ಮಾತಿನಲ್ಲಿ ಹೇಳಬಹುದಿತ್ತಲ್ವಾ? ಅದರ ಮೇಲೆ ನನಗೆ ಈಗಲೂ ಸಿಟ್ಟಿದೆ.

ವೇಗ ಹೋದದ್ದಕ್ಕಿಂತ ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡಿತು. ಟಿಕೆಐಪಿ ಬಂದದ್ದೇ ತಾತ್ಕಾಲಿಕ ತೇಪೆಯಾಗಿ. ವೈಫೈನ ಮೊದಲ ಎನ್‌ಕ್ರಿಪ್ಶನ್ ಆದ ಡಬ್ಲ್ಯುಇಪಿ ಮುರಿದುಬಿದ್ದಾಗ ಹಳೇ ಸಾಧನಗಳನ್ನು ಎಸೆಯದೆ ಬಳಸಲಿ ಅಂತ ಮಾಡಿದ್ದು. ಅದರಲ್ಲೂ ಆಮೇಲೆ ದೋಷಗಳು ಸಿಕ್ಕವು. ಒಂದು ಪ್ರಿಂಟರ್‌ಗಾಗಿ ಮನೆಯವರ ಬ್ಯಾಂಕಿಂಗ್, ಫೋಟೊ ಎಲ್ಲವೂ ಓಡಾಡುವ ನೆಟ್‌ವರ್ಕ್‌ನ ಬೀಗವನ್ನೇ ಸಡಿಲ ಮಾಡಿಟ್ಟಿದ್ದೆ.

ಈಗ ಪ್ರಿಂಟರ್‌ಗೆ ಯುಎಸ್‌ಬಿ ಕೇಬಲ್ ಹಾಕಿದ್ದೇನೆ. ರೂಟರ್ ಮತ್ತೆ ಎಇಎಸ್‌ಗೆ ಬಂದಿದೆ, 1201 ಕೂಡ ವಾಪಸ್ ಬಂದಿದೆ. ಹೊಸ ವೈಫೈ ಸೆಕ್ಯುರಿಟಿ ಸ್ಟ್ಯಾಂಡರ್ಡ್ ಆದ ಡಬ್ಲ್ಯುಪಿಎ3ಗೆ ಸೇರದ ಹಳೇ ಫೋನ್ ಇದ್ದರೆ ಅದರ ಹಿಂದಿನ ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎರಡೂ ಸೇರಿದ ಮೋಡ್ ಇಡಿ. ಅದರಲ್ಲಿ ಎಇಎಸ್ ಉಳಿಯುತ್ತದೆ. ನಿಮ್ಮ ಲಿಂಕ್ ಸ್ಪೀಡ್ ಕೂಡ ಸರಿಯಾಗಿ 54ರಲ್ಲೇ ನಿಂತಿದ್ದರೆ, ಯಾರಿಗೂ ಫೋನ್ ಮಾಡುವ ಮೊದಲು ರೂಟರ್‌ನ ಸೆಕ್ಯುರಿಟಿ ಪುಟ ತೆರೆದು ನೋಡಿ.